ಆಚಾರಿ ಗುರುತು ಹಿಡಿಯದ ಬೇವು

ಗಿಡವಾಗಿ ಕೆಮ್ಮದ್ದು ಮರವಾಗಿ ಕೆಮ್ಮೀತೇ? ಗಾದೆ ಹೀಗಿಲ್ಲ ಎಂದು ಜಗಳಕ್ಕೆ ಬರಬೇಡಿ. ಗಾದೆ ಸ್ವಲ್ಪ ಸೊಟ್ಟಗಿದೆ, ಕಥೆ ಮಾತ್ರ ನೆಟ್ಟಗಿದೆ, ಅಪ್ಪಟ ನಿಜ.

ತೊಂಬತ್ತಾರನೇ ಇಸವಿ. ಪಾಂಡವಪುರದ ಬಸ್ಸು ನಿಲ್ಲುವ ಜಾಗದ ಪಕ್ಕ, ಬೇವಿನ ಮರದಡಿ ವೆಂಕಟೇಶಾಚಾರಿಯ ಮರಗೆಲಸದ ಚಪ್ಪರ. ಪುಟ್ಟ ಮಗಳು ಸ್ಪಂದನ ದಿನವಿಡೀ ಅಲ್ಲೇ ಆಡುತ್ತಿದ್ದಳು. ಬಸ್ಸು ನಿಂತಲ್ಲೇ 'ಡುರ್ರ್ ಡುರ್ರ್' ಎಂದರೆ ಮಗು 'ಖೊಕ್ ಖೊಕ್' ಎನ್ನುತ್ತಿತ್ತು. ಆಚಾರಿಗೆ ತಲೆಬುಡ ತಿಳಿಯಲಿಲ್ಲ. ಮಳೆಯಲ್ಲಿ ನೆನೆದಿಲ್ಲ, ತಣ್ಣೀರು ಮುಟ್ಟಿಲ್ಲ, ಮತ್ತೇಕೆ ಈ ಕೆಮ್ಮು? ಅದೇ ಬೇವಿನ ತೊಗಟೆ ಕೆತ್ತಿ ಕಷಾಯ ಕಾಸಿ ಕುಡಿಸಿದ. ಕೆಮ್ಮು ಜಗ್ಗಲಿಲ್ಲ. ರಾತ್ರಿ ಮಗುವಿನ ಎದೆ ಸಿಳ್ಳೆ ಹೊಡೆಯತೊಡಗಿತು.

ಆರೋಗ್ಯ ಸಹಾಯಕಿ ಯಶೋದಮ್ಮ ಬಂದು ನೋಡಿದರು. "ಆಚಾರ್ರೆ, ಇದು ಬಸ್ಸಿನ ಹೊಗೆ. ಮರದ ಹೊಟ್ಟಿನ ಧೂಳೂ ಸೇರ್ಕಂಡದೆ. ಮಗೀನ ಇಲ್ಲಿ ಬುಡಬೇಡಿ, ಡಾಕ್ಟ್ರಿಗೆ ತೋರ್ಸಿ."

"ಓಗವ್ವೊ! ಒಗೆ ಗಾಳೀಲಿ ಓಯ್ತದೆ. ಇಲ್ಲೆಲ್ಲಿ ಕುಂತದೆ? ತೋರ್ಸು ಮತ್ತೆ!"

ಯಶೋದಮ್ಮ ಆಚಾರಿಯ ಹೆಂಡತಿ ವರಲಕ್ಷ್ಮಮ್ಮನ ಕಿವಿಯಲ್ಲಿ ಏನೋ ಉಸುರಿ ಹೋದರು.

ಆಚಾರಿಗೆ ಒಂದು ಜಂಬ: ತೊಗಟೆ ತೋರಿಸಿ, ಮರದ ಜಾತಕ ಹೇಳುತ್ತೇನೆ ಎಂದು. ಮರುದಿನ ಯಶೋದಮ್ಮನ ಎದುರಿಗೇ ವರಲಕ್ಷ್ಮಮ್ಮ ತೊಗಟೆಯ ಎರಡು ಚೂರು ತಂದಳು.

"ಚಿನಕುರಳಿಯಿಂದ ನಮ್ಮಣ್ಣ ಕಳಿಸವ್ನೆ. ಯಾವ್ಯಾವ ಮರ ಏಳಿ ನೋಡಾನ."

"ಇದು ಬೇವು. ಕಣ್ಣು ಕಟ್ಟಿದ್ರೂ ಏಳ್ತೀನಿ." ಎರಡನೆಯದನ್ನು ತಿರುಗಾಮುರುಗಾ ಮಾಡಿ ನೋಡಿದ. "ಕರಿಜಾಲಿ... ಅಲ್ಲ, ಉಣಸೆ... ಅದೂ ಅಲ್ಲ. ಯಾವ್ದೋ ಸುಟ್ಟ ಮರ ಕಣೆ, ಒಲೇಗಾಕು!"

"ಒಲೇಗಾ?" ಯಶೋದಮ್ಮ ಕಿಸಕ್ಕನೆ ನಕ್ಕರು. "ನೆನ್ನೆ ಗಂಟ ಅದ್ನೇ ಮಗೀಗೆ ಕುಡಿಸ್ತಿದ್ರಲ್ಲ!"

ಆಚಾರಿ ಕಕ್ಕಾಬಿಕ್ಕಿ. ಮೊದಲನೆಯದು ಚಿನಕುರಳಿ ಹೊಲದ ಬೇವು. ಎರಡನೆಯದು ದಿನವೂ ತನ್ನ ತಲೆಗೆ ನೆರಳು ಕೊಡುತ್ತಿದ್ದ ಬೇವು!

ಯಶೋದಮ್ಮ ಬಿಳಿ ಬಟ್ಟೆಯಿಂದ ಎರಡನ್ನೂ ಒರೆಸಿದರು. ಹೊಲದ ಚೂರು ಮಣ್ಣಿನ ಬಣ್ಣ ಬಿಟ್ಟಿತು, ನಿಲ್ದಾಣದ್ದು ಕಾಡಿಗೆಯಂಥ ಕರಿ ಮಸಿ ಬಿಟ್ಟಿತು.

"ಒಗೆ ಎಲ್ಲಿ ಕುಂತದೆ ಅಂದ್ರಲ್ಲ, ಇಲ್ಲಿ ಕುಂತದೆ. ಮರ ಓಡೋಗಾಕಿಲ್ಲ, ವರ್ಷಗಟ್ಲೆ ಮಸಿ, ಪೆಟ್ರೋಲ್ ಗಾಡಿಗಳ ಸೀಸದ ವಿಷ ಎಲ್ಲ ಇಡ್ಕೊತದೆ. ಬಟ್ಟೆ ಬರೀ ಸುಳಿವು ಕೊಡ್ತದೆ. ವಿಜ್ಞಾನಿಗಳು ಇಂಥ ಚೂರನ್ನೇ ಪರೀಕ್ಷೆ ಮಾಡಿ ಯಾವ ರಸ್ತೇಲಿ ವಿಷ ಜಾಸ್ತಿ ಅಂತ ಕಂಡಿಡೀತಾರೆ. ಮರಕ್ಕಾದ್ರೆ ತೊಗಟೆ ಅದೆ ಆಚಾರ್ರೆ. ಮಗೀನ ಎದೆಗೆ ಅದಾ?"

ಆಚಾರಿ ಮಗಳನ್ನು ಎತ್ತಿಕೊಂಡು ನೇರ ಆಸ್ಪತ್ರೆಗೆ ನಡೆದ. ಅಂದಿನಿಂದ ಅವಳ ಆಟ ಹಿಂದಿನ ಬೀದಿಯ ಅಜ್ಜಿ ಮನೆಯಲ್ಲಿ. ಔಷಧಿಯೂ ಹಿಡಿಯಿತು, ಸಿಳ್ಳೆಯೂ ನಿಂತಿತು.

ಆಮೇಲೆ ಆಚಾರಿ ಬಸ್ಸಿನ ಡ್ರೈವರ್ ಚಲುವಯ್ಯನನ್ನು ಹಿಡಿದ. "ಲೇ, ನಿಂತ್ಕಂಡಾಗ ಇಂಜಿನ್ ಆಪ್ ಮಾಡ್ಲಾ."

"ಆಪ್ ಮಾಡುದ್ರೆ ಮತ್ತೆ ಸ್ಟಾರ್ಟ್ ಆಗಾಕಿಲ್ಲ ಕಣ್ಲಾ!"

"ತಳ್ಳಾಕೆ ನಾನಿಲ್ವಾ? ಮೊದ್ಲು ಆರ್ಸು!"

ಓದುಗರೇ, ನೀವೂ ನಿಮ್ಮೂರಿನ ರಸ್ತೆ ಬದಿಯ ಮರವನ್ನು ಬಿಳಿ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ. ತೊಗಟೆ ಕೀಳಬೇಡಿ, ಅದರ ಕಷಾಯವಂತೂ ಬೇಡವೇ ಬೇಡ. ನಿಂತ ಗಾಡಿಯ ಇಂಜಿನ್ ಆರಿಸಿ, ಹೊಗೆ ತಪಾಸಣೆ ಮಾಡಿಸಿ. ಕೆಮ್ಮುವ ಮಗುವನ್ನು ವೈದ್ಯರಿಗೆ ತೋರಿಸಿ. ಒರೆಸಿದ ಮರ ಯಾವುದೆಂದು ತಿಳಿಯದಿದ್ದರೆ ಪಾಂಡವಪುರಕ್ಕೆ ಬಂದು ವೆಂಕಟೇಶಾಚಾರಿಯನ್ನೇ ಕೇಳಿ. "ಸುಟ್ಟ ಮರ ಕಣ್ಲಾ, ಒಲೇಗಾಕು!" ಎಂದು ತೊಡೆ ತಟ್ಟಿಕೊಂಡು, ಇಡೀ ನಿಲ್ದಾಣಕ್ಕೆ ಕೇಳುವಂತೆ ಆತನೇ ಮೊದಲು ನಗುತ್ತಾನೆ.