ಮಖಮಲ್ ಚೀಲದ ಡ್ರೈವ್

ಸದ್ದು ಬಹಳ ಸಣ್ಣದು. ಬಾಣಲೆಯಲ್ಲಿ ಒಂದು ಕಡಲೆ ಸಿಡಿದಷ್ಟೇ. ಆಮೇಲೆ ಕಂಪ್ಯೂಟರಿನ ಪೆಟ್ಟಿಗೆಯಿಂದ ನೂಲಿನಂಥ ಹೊಗೆ ಎದ್ದು ನನ್ನ ಮೂಗಿನ ಮುಂದೆಯೇ ಕರಗಿಹೋಯಿತು. ಗುಂಡಿ ಒತ್ತಿದ ನನ್ನ ಬೆರಳು ಇನ್ನೂ ಅಲ್ಲೇ ಇತ್ತು.

"ಜವಾಹಿರ್, ಏನೇ ಅದು ವಾಸನೆ?" ಕನ್ನಡಿಯ ಹತ್ತಿರ ಮದರಂಗಿ ಕಲಸುತ್ತಿದ್ದ ಮುಜ್ನಾ ಖಾಲಾ ಕೇಳಿದರು.

ಪೆಟ್ಟಿಗೆ ಕಡೆ ಬೆರಳು ತೋರಿಸಿದೆ. ನಾನು ಬಾಯಿ ಬಿಡುವುದೇ ಕಡಿಮೆ.

ನಮ್ಮ ಮುಕಲ್ಲಾ ಊರಿನಲ್ಲಿ ಹೆಂಗಸರು ಮಾತ್ರ ಸೇರುವ ಮದುವೆ ರಾತ್ರಿಯ ಫೋಟೋ ತೆಗೆಯುವವರು ನಾಲ್ಕಾರು ಮಂದಿ ಇದ್ದಾರೆ. ಊರಿಗೆಲ್ಲ ಚಿಕ್ಕಮ್ಮನಂತಿರುವ ಖಾಲಾ ಹತ್ತಿರ ಜನ ಬರುವುದಕ್ಕೆ ಒಂದೇ ಕಾರಣ. ಅವರು ತೆಗೆದ ಒಂದು ಫೋಟೋವನ್ನೂ ಹನ್ನೆರಡು ವರ್ಷದಲ್ಲಿ ಹೊರಗಿನ ಗಂಡಸು ನೋಡಿಲ್ಲ. ಕಂಪ್ಯೂಟರ್ ರಿಪೇರಿಗೆ ಹೋಗುವ ಮುಂಚೆ ನಾವು ಫೋಟೋಗಳೆಲ್ಲ ಇರುವ ಹಾರ್ಡ್ ಡ್ರೈವನ್ನು ಬಿಚ್ಚಿ, ಅದರ ಕರೆಂಟಿನ ಕೇಬಲ್ ಸಮೇತ ಮಖಮಲ್ ಚೀಲಕ್ಕೆ ಹಾಕಿ, ಖಾಲಾ ಬಳೆಗಳ ಜೊತೆ ಬೀರುವಿನಲ್ಲಿಡುತ್ತೇವೆ. ವಾಪಸ್ ಬಂದ ಮೇಲೆ ಜೋಡಿಸುವವಳು ನಾನು. ಏಳನೇ ತರಗತಿಗೆ ಶಾಲೆ ಬಿಟ್ಟವಳು, ಖಾಲಾ ಕೈ ನೋಡಿ ನೋಡಿ ಕಲಿತದ್ದು.

ಈ ಸಲ ವಿಡಿಯೋ ಕೆಲಸಕ್ಕೆಂದು ರಿಪೇರಿಯ ಸಾಲ್ಮೀನ್ ಅಂಗಡಿಯಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೆವು. ಅದಕ್ಕೆ ಕರೆಂಟ್ ಕೊಡಲು ಹಳೆಯ ಪವರ್ ಸಪ್ಲೈ ಸಾಲದು ಎಂದು ಅವನು ಅದನ್ನೂ ಬದಲಿಸಿ, ಹೊಸದರ ಡಬ್ಬಿಯನ್ನು ಜೊತೆಗೆ ಕಳಿಸಿದ್ದ. ನಾನು ಚೀಲ ಬಿಚ್ಚಿದೆ, ಎಂದಿನಂತೆ ಜೋಡಿಸಿದೆ, ಗುಂಡಿ ಒತ್ತಿದೆ.

"ಮತ್ತೊಂದು ಸಲ ಒತ್ತು," ಎಂದರು ಖಾಲಾ.

ಒತ್ತಿದೆ. ಫ್ಯಾನು ಅರ್ಧ ಸುತ್ತು ಅಲುಗಿ ನಿಂತುಬಿಟ್ಟಿತು.

ಸೋಫಾದ ಮೇಲೆ ಶುಂಠಿ ಕಾಫಿ ಹಿಡಿದು ಕೂತಿದ್ದ ಶೈಖಾ ಬಟ್ಟಲು ಕೆಳಗಿಟ್ಟಳು. ಹೋದ ಗುರುವಾರ ಅವಳ ಮಗಳ ಮದುವೆ. ಶನಿವಾರವೇ ಮಗಳು ಗಂಡನ ಜೊತೆ ಗಡಿಯಾಚೆಯ ಸಲಾಲಾಕ್ಕೆ ಹೊರಟುಹೋಗಿದ್ದಳು. ಫೋಟೋ ನೋಡಿ ಆಲ್ಬಮ್ಮಿಗೆ ಆರಿಸಲು ಶೈಖಾ ಬಂದಿದ್ದಳು.

"ಮುಜ್ನಾ, ನನ್ನ ಮಗಳು ಅದರೊಳಗೇ ತಾನೇ ಇರೋದು?"

ಖಾಲಾ ಫೋನ್ ಹುಡುಕತೊಡಗಿದರು. ಕ್ಯಾಮೆರಾದ ಕಾರ್ಡನ್ನು ಮುಂದಿನ ಮದುವೆಗೆಂದು ಅಳಿಸಿಯಾಗಿತ್ತು. ಆ ರಾತ್ರಿಯದು ಬೇರೆ ಯಾರ ಹತ್ತಿರವೂ ಒಂದೇ ಒಂದು ಫೋಟೋ ಇರಲು ಸಾಧ್ಯವಿಲ್ಲ ಎಂದು ನನಗೆ ಗೊತ್ತಿತ್ತು. ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ಇನ್ನೂರು ಹೆಂಗಸರ ಫೋನ್ ಇಸಿದುಕೊಂಡವಳು ನಾನೇ. ಮದುಮಗಳ ಅಮ್ಮನ ಫೋನನ್ನೂ ಬಿಟ್ಟಿರಲಿಲ್ಲ.

ಖಾಲಾ ಸಾಲ್ಮೀನ್‌ಗೆ ಫೋನ್ ಮಾಡಿ ಮೇಜಿನ ಮೇಲಿಟ್ಟರು. ಅವನ ದನಿ ಕೋಣೆ ತುಂಬ ಬಂತು.

"ಡ್ರೈವ್ ಕಳಿಸಿಕೊಡಿ ಖಾಲಾ, ನೋಡ್ತೀನಿ."

"ನೀನು ನೋಡ್ತೀಯ ಅಂತಲೇ ಕಳಿಸಲ್ಲ."

"ಅಯ್ಯೋ, ಅದರ ಹೊಟ್ಟೆಯೊಳಗಿನ ಫೋಟೋ ಅಲ್ಲ ನಾನು ಹೇಳಿದ್ದು!"

"ಬಾಯಲ್ಲಿ ಹೇಳಪ್ಪ, ಇಲ್ಲೇ ಮಾಡ್ತೀವಿ."

"ಸರಿ. ಡ್ರೈವಿನ ಕೇಬಲ್ ಕಿತ್ತು, ಮೆಷೀನ್ ಹಾಕಿ."

ಕಿತ್ತೆ. ಒತ್ತಿದೆ. ಫ್ಯಾನು ಸುತ್ತಿತು, ಪರದೆ ಬೆಳಗಿತು.

"ಹಾಗಾದ್ರೆ ಮೆಷೀನ್ ಸರಿಯಿದೆ. ಪೆಟ್ಟು ಬಿದ್ದಿರೋದು ಡ್ರೈವಿಗೆ. ಯಾವ ಕೇಬಲ್ ಹಾಕಿದ್ರಿ?"

"ಇನ್ಯಾವುದು? ನೀನು ಕೊಟ್ಟಿದ್ದು."

"ನಾನು ಕೊಟ್ಟ ಕೇಬಲ್ ಸುಡೋದಿಲ್ಲ. ಅದಾಗಿದ್ರೆ ಡ್ರೈವೇ ಹಳೇದಾಗಿ ಸತ್ತಿದೆ. ಆಸೆ ಬಿಡಿ."

ಶೈಖಾ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಡಬ್ಬಿಯನ್ನು ನೋಡಿದೆ. ಸ್ಪಂಜಿನ ಕೆಳಗೆ ಬಾಯಿ ಬಿಚ್ಚದ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಹೊಸ ಕೇಬಲ್. ನನ್ನ ಕೈಯಲ್ಲಿದ್ದದ್ದು ಮಖಮಲ್ ಚೀಲದ್ದು. ಎಷ್ಟು ಸಲೀಸಾಗಿ ಕೂತಿತ್ತು ಅದು! ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಡ್ರೈವಿಗೆ ವಯಸ್ಸಾಗಿತ್ತು ಎಂದು ಎಲ್ಲರೂ ನಂಬುತ್ತಿದ್ದರು.

"ಹಳೇದು," ಎಂದೆ. "ನಾನು ಹಳೇ ಕೇಬಲ್ ಹಾಕಿದೆ."

ಮನೆಯವರನ್ನು ಬಿಟ್ಟು ಬೇರೊಬ್ಬ ಗಂಡಸಿನ ಕಿವಿಗೆ ನನ್ನ ದನಿ ಬಿದ್ದದ್ದು ಅದೇ ಮೊದಲು. ಖಾಲಾ ಕೈಯಿಂದ ಮದರಂಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಇವಳಿಗೆ ಮಾತು ಬರುತ್ತಾ?" ಎಂದಳು ಶೈಖಾ. "ಬಂತು ನೋಡು, ನನ್ನ ಮನೆ ಸುಟ್ಟ ಮೇಲೆ!"

ಫೋನಿನಲ್ಲಿ ಸಾಲ್ಮೀನ್, "ಯಾ ಅಲ್ಲಾಹ್! ಕೇಬಲ್ ಬಾಯಿ ಒಂದೇ ಥರ ಇದ್ರೂ ಒಂದೊಂದು ಪವರ್ ಸಪ್ಲೈಗೂ ಒಳಗಿನ ತಂತಿಗಳ ಸಾಲು ಬೇರೆ ಇರುತ್ತೆ. ಐದು ವೋಲ್ಟ್ ಹೋಗೋ ಕಡೆ ಹನ್ನೆರಡು ನುಗ್ಗಿದೆ," ಎಂದ. ಅವನ ದನಿ ಚುರುಕಾಯಿತು. "ಆದ್ರೆ ಇದು ಒಳ್ಳೇ ಸುದ್ದಿ, ತಂಗೀ. ಡ್ರೈವ್ ತಿರುಗಿಸಿ, ಕೆಳಗಿನ ಹಸಿರು ಹಲಗೆಯ ಫೋಟೋ ಕಳಿಸು. ಅದಕ್ಕೇನೂ ಮುಸುಕು ಬೇಡ ತಾನೇ?"

ಖಾಲಾ ನಗಲಿಲ್ಲ. ಫೋಟೋ ತೆಗೆದು ಕಳಿಸಿದರು. ಕೇಬಲ್ ಸಿಕ್ಕಿಸುವ ಜಾಗದ ಪಕ್ಕದಲ್ಲೇ ಎಳ್ಳಿಗಿಂತ ತುಸು ದೊಡ್ಡ ಕರಿ ಕಾಳೊಂದು ಸೀಳಿತ್ತು. ಅವನು ಹೇಳುವ ಮೊದಲೇ ಅದು ನನ್ನ ಕಣ್ಣಿಗೆ ಬಿದ್ದಿತ್ತು.

"ಅದು ಕಾವಲುಗಾರ," ಎಂದ ಸಾಲ್ಮೀನ್. "ಕರೆಂಟ್ ಜಾಸ್ತಿ ಬಂದ್ರೆ ತಾನು ಸತ್ತು ಒಳಗಿನವರನ್ನ ಉಳಿಸುತ್ತೆ. ಈಗ ಹೆಣ ಬಾಗಿಲಿಗೆ ಅಡ್ಡ ಬಿದ್ದಿದೆ. ಅದನ್ನ ಕಿತ್ತು, ಹೊಸ ಕೇಬಲ್ ಹಾಕಿ. ತಿರುಗಿದ್ರೆ ಬೇರೇನೂ ಮಾಡಬೇಡಿ, ಎಲ್ಲಾ ಬೇರೆ ಕಡೆ ಇಳಿಸಿಕೊಳ್ಳಿ. ಅದಕ್ಕಿನ್ನು ಕಾವಲಿಲ್ಲ. ಪಕ್ಕದ್ದಕ್ಕೆ ತಗುಲಿಸಿದ್ರೆ ಮಾತ್ರ ಕಥೆ ಮುಗೀತು."

"ನನ್ನ ಕೈಯೆಲ್ಲ ಮದರಂಗಿ," ಎಂದರು ಖಾಲಾ. "ನೀನೇ ಮಾಡು."

ಮದುಮಗಳ ಉಗುರಿನ ಸುತ್ತಲ ಚರ್ಮ ತೆಗೆಯುವ ಪುಟ್ಟ ಇಕ್ಕಳ ತಂದೆ. ಎಷ್ಟೋ ಹುಡುಗಿಯರ ಬೆರಳಿಗೆ ಒಂದು ಹನಿ ರಕ್ತ ಬರದಂತೆ ಆಡಿಸಿದ ಇಕ್ಕಳ ಅದು. ಪಕ್ಕದ್ದಕ್ಕೆ ತಾಗದಂತೆ ಅದರಿಂದ ಕಾಳನ್ನು ಹಿಡಿದು ಕಿತ್ತೆ. ಚಟಕ್ ಎಂದಿತು. ಶೈಖಾ ಕಣ್ಣು ಮುಚ್ಚಿಕೊಂಡಳು.

ಹೊಸ ಕೇಬಲ್ ಸಿಕ್ಕಿಸಿದೆ. ಗುಂಡಿಯ ಮೇಲೆ ಬೆರಳಿಟ್ಟವಳಿಗೆ ಒತ್ತುವ ಧೈರ್ಯ ಬರಲಿಲ್ಲ. ಖಾಲಾ ತಮ್ಮ ಮದರಂಗಿ ಬೆರಳನ್ನು ನನ್ನದರ ಮೇಲಿಟ್ಟು ಒತ್ತಿದರು.

ಮೊದಲು ಏನೂ ಇಲ್ಲ. ಆಮೇಲೆ ಡ್ರೈವಿನ ಒಳಗಿಂದ ಬೆಕ್ಕು ಗುರುಗುಟ್ಟಿದಂಥ ಸದ್ದು. ಪರದೆಯ ಮೇಲೆ ಸಾಲು ಸಾಲು ಮದುವೆಗಳ ಹೆಸರು. ಎಲ್ಲಕ್ಕಿಂತ ಕೊನೆಗೆ ಗುರುವಾರದ್ದು.

"ತೆಗಿ, ತೆಗಿ! ಒಂದೇ ಒಂದು ನೋಡ್ತೀನಿ," ಎಂದು ಶೈಖಾ ಕೈ ಚಾಚಿದಳು.

"ಮುಟ್ಟಬೇಡಿ!"

ಕೂಗಿದ್ದು ನಾನು. ನನಗಿಂತ ಮೂವತ್ತು ವರ್ಷ ದೊಡ್ಡವಳ ಮೇಲೆ. ಶೈಖಾ ಚಾಚಿದ ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡು, ಶಾಲೆಯ ಮಗುವಿನ ಹಾಗೆ ಸೋಫಾದ ತುದಿಯಲ್ಲಿ ಕೂತಳು.

ಎಲ್ಲ ಇನ್ನೊಂದು ಡ್ರೈವಿಗೆ ಇಳಿಯಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಮುಗಿದ ಮೇಲೆ, ಆ ಡ್ರೈವಿನಿಂದ, ಗುರುವಾರದ್ದನ್ನು ತೆಗೆದು ಪರದೆಯನ್ನು ಶೈಖಾ ಕಡೆ ತಿರುಗಿಸಿದೆ. ಮದುಮಗಳು ತಲೆ ಹಿಂದಕ್ಕೆ ಎಸೆದು ನಗುತ್ತಿದ್ದಳು. ಶೈಖಾ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಯಿ ತೆರೆದುಕೊಂಡು ನೋಡಿದಳು, ನೋಡಿದಳು.

"ಇವಳು ಇಷ್ಟು ನಕ್ಕಿದ್ದು ಯಾವಾಗ?" ಎಂದಳು. "ನಾನು ಅಲ್ಲೇ ಇದ್ದೆನಲ್ಲ."

ಖಾಲಾ ಹಳೆಯ ಕೇಬಲನ್ನು ಎರಡು ತುಂಡು ಮಾಡಿ ಕಸಕ್ಕೆ ಹಾಕಲು ಕತ್ತರಿ ಕೇಳಿದರು. ಕತ್ತರಿ ಎತ್ತಿಕೊಳ್ಳಲು ಕೈ ಬಿಚ್ಚಿದೆ. ಇಕ್ಕಳ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಅದರ ಗುರುತು ಅಂಗೈಯಲ್ಲಿ ಕೆಂಪಗೆ ಮೂಡಿತ್ತು.