ಖಾಲಿ ಡಬ್ಬಿ

ಮಾಳಿಗೆಯ ಮೇಲೆ ಡ್ರೋನ್ ಗುರ್ರೆನ್ನುತ್ತಿತ್ತೇ ಹೊರತು ಮೇಲೇಳಲಿಲ್ಲ. ಪಾರ್ಸಲ್ ತೆಗೆದುಕೊಂಡ ಗುರವ್ವ, ಡ್ರೋನಿನ ಡಬ್ಬಿಯ ತುಂಬ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತುರುಕಿದ್ದಳು.

ಬೈಲಹೊಂಗಲದಿಂದ ಡ್ರೋನ್ ಹಾರಿಸಿದ್ದ ಕಲ್ಮೇಶ, ಮುರಗೋಡದ ಅವಳ ಮನೆಗೆ ಬೈಕಿನಲ್ಲಿ ಧಾವಿಸಿ ಬಂದ.

"ಅವ್ವಾರ, ಇವತ್ತ ಮೊದಲನೇ ಟ್ರಾಯಲ್ ಐತ್ರಿ. ಇದು ಹಾರಿಕೊಂತ ಹೊಳ್ಳಿ ಹೋಗಲಿಲ್ಲಂದ್ರ ನನ್ನ ನೌಕರಿ ಹೋಗತೈತಿ. ಭಾರ ಆಗೈತಿ, ರೊಟ್ಟಿ ತಗೀರಿ."

"ಮನಿಗೆ ಬಂದ ಡಬ್ಬಿ ಖಾಲಿ ಕಳಸೂದೇನೋ ತಮ್ಮಾ?"

"ಹಂಗಾರ ಒಂದ ಚಿಟಿಗಿ ಸಕ್ರಿ ಹಾಕ್ರಿ."

"ಚಿಟಿಗಿ ಸಕ್ರಿ ಇರುವಿಗೆ ಹಾಕತಾರ."

ಕಲ್ಮೇಶ ಕೈಮುಗಿದ. "ರೊಟ್ಟಿ ಬೈಕಿನ ಮ್ಯಾಲೆ ನಾನ ಒಯ್ತೇನ್ರಿ. ಸಾಹೇಬ್ರಿಗೂ ಕೊಡತೇನಿ."

ಗುರವ್ವ ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಒತ್ತಿದಳು.

"ಪಾರ್ಸಲ್ ನೀ ತಂದಿಯೇನು? ಅದು ತಂದೈತಿ, ಅದ ಒಯ್ಯಲಿ. ನಿನ್ನ ಕೈಯಾಗ ನಾ ಕೊಡಂಗಿಲ್ಲ."