ಹುಳದ ಮನೆಯಲ್ಲಿ ಎಂಟು-ಕೆ ಮೀನು

ಅಕ್ಕೂರಿನ ದೇವರಾಜುವಿನ ಹೊಟ್ಟೆಯಲ್ಲಿ ಒಂದೇ ಉರಿ, ಅದರ ಹೆಸರು ಅನಂತರಾಜು. ಹೆಂಡತಿ ಭಾನುಪ್ರಿಯಳ ತಮ್ಮ, ಸಾತನೂರಿನವನು, ಒಳ್ಳೆಯವನೇ. ಆದರೆ ಗೋಡೆಯಗಲದ ಟಿವಿ ತಂದದ್ದು ಅವನೇ ಮೊದಲು, ಮಾತಾಡಿದರೆ ಹತ್ತಿಕೊಳ್ಳುವ ದೀಪ ಹಾಕಿಸಿದ್ದೂ ಅವನೇ ಮೊದಲು. ತಂದವನು ಸುಮ್ಮನಾದರೂ ಇರುತ್ತಾನೆಯೇ? ನಾಲ್ಕು ಜನ ನೆಂಟರ ಮುಂದೆ, "ಭಾವ, ನೀವಿನ್ನೂ ತಗೊಂಡಿಲ್ವಾ?" ಎಂದು ಮೆಲ್ಲಗೆ ಕೇಳುತ್ತಾನೆ. ಆ ಮೆಲ್ಲಗೆ ಕೇಳುವುದಿದೆಯಲ್ಲ, ಅದು ಕೇಳಿಸಿಕೊಂಡವನಿಗೇ ಗೊತ್ತು.

ಹೀಗಿರುವಾಗ ರಾಮನಗರದ ಟಿವಿ ಅಂಗಡಿಯ ಖಲಂದರ್ ಕಿವಿಯಲ್ಲಿ ಊದಿದ. "ದೇವಣ್ಣ, ಎಂಟು-ಕೆ ಪ್ರೊಜೆಕ್ಟರ್ ಬತ್ತಾ ಐತೆ. ಗೋಡೆ ತುಂಬಾ ಪಿಚ್ಚರ್, ಇರುವೆ ಕಾಲೂ ಕಾಣ್ತದೆ. ಈಗ್ಲೇ ಬುಕ್ ಮಾಡಿದ್ರೆ ಇಡೀ ಜಿಲ್ಲೆಗೆ ನೀವೇ ಫಸ್ಟು."

ರೇಷ್ಮೆ ಗೂಡು ಮಾರಿ ಮನೆಗೆ ಹೊರಟಿದ್ದ ದೇವರಾಜು ಅಂಗಡಿಯ ಬೆಂಚಿನ ಮೇಲೆ ಕೂತೇಬಿಟ್ಟ.

ಭಾನುಪ್ರಿಯ ಒಪ್ಪಲಿಲ್ಲ. "ಒಸಿ ತಡೀರಿ. ಮುಂದಿನ್ ವರ್ಸ ಇದ್ಕಿಂತ ಚೆನ್ನಾಗಿರೋದು ಬತ್ತದೆ. ಅಷ್ಟಕ್ಕೂ ಅದ್ರಲ್ಲಿ ನೋಡಕ್ಕೆ ಏನೈತೆ?"

"ಎಲ್ಲಾ ಐತೆ ಕಣೆ."

"ಎಲ್ಲಾ ಅಂದ್ರೆ?"

ಅದನ್ನು ದೇವರಾಜು ಕೇಳಿಕೊಂಡು ಬಂದಿರಲಿಲ್ಲ.

ಅದೇ ವಾರ ಮನೆಯ ಇನ್ನೊಂದು ಸರದಿಯ ರೇಷ್ಮೆ ಹುಳ ಹಣ್ಣಾದವು. ಭಾನುಪ್ರಿಯ ಬೆಳಿಗ್ಗೆಯೇ ಹುಳಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳ ಮೇಲೆ ಬಿಟ್ಟು, ಚಂದ್ರಿಕೆಗಳನ್ನು ಹುಳದ ಮನೆಯ ಉದ್ದಗೋಡೆಗೆ ಒರಗಿಸಿ, ತಮ್ಮನ ಮಗುವಿನ ನಾಮಕರಣಕ್ಕೆ ಸಾತನೂರಿಗೆ ಹೊರಟಳು. ದೇವರಾಜುವಿಗೆ ಹೋಗದಿರಲು ಹುಳ ಕಾಯುವ ನೆಪ ಸಿಕ್ಕಿತ್ತು.

"ಬೆಳಕು ಎಲ್ಲಾ ಕಡೆ ಒಂದೇ ಥರ ಇರ್ಲಿ. ಲೈಟು ಗೀಟು ಹಾಕ್ಬೇಡಿ, ಹುಳ ಎಲ್ಲಾ ಕತ್ಲೆ ಕಡೆ ಓಡೋಯ್ತವೆ," ಎಂದಳು.

"ನಾನು ಹುಟ್ಟಿದ್ದೇ ಹುಳದ ಮನೇಲಿ. ನಂಗೆ ಹೇಳಕ್ ಬರ್ಬೇಡ."

ಬಸ್ಸು ತಿರುವು ದಾಟಿತೋ ಇಲ್ಲವೋ, ಖಲಂದರನಿಗೆ ಫೋನು ಹೋಯಿತು. ಅವನು ಗಿರಾಕಿಗಳಿಗೆ ತೋರಿಸಲಿಕ್ಕೆಂದು ಕಂಪನಿ ಕೊಟ್ಟಿದ್ದ ಯಂತ್ರವನ್ನು ಆಟೋದಲ್ಲಿ ಹೊತ್ತು ತಂದ. ಮನೆಯೊಳಗಿನ ಗೋಡೆಯ ತುಂಬ ದೇವರ ಪಟ, ಕ್ಯಾಲೆಂಡರು. ಸುಣ್ಣ ಬಳಿದ ಬರಿಗೋಡೆ, ಕತ್ತಲೆ ಎರಡೂ ಇದ್ದದ್ದು ಹುಳದ ಮನೆಯಲ್ಲಿ ಮಾತ್ರ. ದೇವರಾಜು ಕಿಟಕಿಗಳಿಗೆ ಗೋಣಿತಾಟು ಇಳಿಬಿಟ್ಟ.

ಉದ್ದಗೋಡೆಯ ಒಂದು ತುದಿಗಿದ್ದ ಬರಿಗೋಡೆಯ ಮೇಲೆ ಸಮುದ್ರ ತೆರೆದುಕೊಂಡಿತು. ಹಳದಿ ಮೀನೊಂದು ಎಡಗಡೆಯಿಂದ ಬಂದು, ಇವರಿಬ್ಬರಿಗೂ ಮೂತಿ ತೋರಿಸಿ, ಗುಳ್ಳೆ ಬಿಟ್ಟು, ಕಲ್ಲಿನ ಹಿಂದೆ ಹೋಯಿತು. ಅದರ ಮೈಮೇಲಿನ ಹುರುಪೆ ಒಂದೊಂದೂ ಕಂಡಿತು. ದೇವರಾಜು ಬಾಯಿ ಮುಚ್ಚುವುದನ್ನೇ ಮರೆತ.

"ಇನ್ನೊಂದ್ಸಲ ಹಾಕು." ಹಾಕಿದ. "ಇನ್ನೊಂದ್ಸಲ." ಅದೂ ಆಯಿತು. "ಬೇರೆ ಏನೈತೆ?"

"ಹೂವ ಐತೆ ಅಣ್ಣ."

ಹೂವೂ ಅರಳಿ ಮುಗಿಯಿತು. "ಆಮೇಲೆ?"

ಖಲಂದರ್ ತಲೆ ಕೆರೆದುಕೊಂಡ. "ಎಂಟು-ಕೆಯಲ್ಲಿ ಪಿಚ್ಚರ್ ತೆಗೆಯೋರು ಇನ್ನೂ ಕಮ್ಮಿ ಅಣ್ಣ. ಮುಂದೆ ಬತ್ತವೆ. ಮೀನೇ ಹಾಕ್ಲಾ?"

ಸಂಜೆಯವರೆಗೂ ಮೀನು ಈಜಿತು. ದೇವರಾಜು ನೋಡಿದ್ದು ಮೀನನ್ನಲ್ಲ, ಅದನ್ನು ನೋಡಿ ಸಪ್ಪಗಾಗುವ ಅನಂತರಾಜುವಿನ ಮುಖವನ್ನು. ಸೋಮವಾರ ಬುಕ್ ಮಾಡುವುದೆಂದು ಮನಸ್ಸಿನಲ್ಲೇ ತೀರ್ಮಾನವಾಯಿತು.

ಸೋಮವಾರಕ್ಕೆ ಮುಂಚೆ ಭಾನುಪ್ರಿಯ ಬಂದಳು. ಹುಳದ ಮನೆಗೆ ಕಾಲಿಟ್ಟವಳು ಅಲ್ಲೇ ನಿಂತಳು. ಚಿತ್ರ ಬಿದ್ದ ಗೋಡೆಯ ಹತ್ತಿರದ ಚಂದ್ರಿಕೆಗಳೆಲ್ಲ ಬೋಳುಬೋಳು. ದೂರದ ಕತ್ತಲೆ ಮೂಲೆಯಲ್ಲಿ ಮಾತ್ರ ಗೂಡಿನ ಮೇಲೆ ಗೂಡು. ಜಾಗ ಸಾಲದೆ ಎರಡೆರಡು ಹುಳ ಸೇರಿ ಒಂದೊಂದು ಗೂಡು ಕಟ್ಟಿಕೊಂಡಿದ್ದವು. ಅಂಥ ಜೋಡಿ ಗೂಡಿನ ನೂಲು ಸಲೀಸಾಗಿ ಬಿಚ್ಚುವುದಿಲ್ಲ, ಮಾರ್ಕೆಟ್ಟಿನಲ್ಲಿ ಯಾರೂ ಮೂಸಿ ನೋಡುವುದಿಲ್ಲ.

"ಯಾವ ಲೈಟ್ ಹಾಕಿದ್ರಿ?"

ದೇವರಾಜು ಸೂರು ನೋಡಿದ. "ಮೀನು."

ವಿಷಯವೆಲ್ಲ ಹೊರಬಿದ್ದ ಮೇಲೆ ಬೈಗುಳ ಬರಲಿಲ್ಲ. ಭಾನುಪ್ರಿಯ ನಕ್ಕೂ ನಕ್ಕೂ ಹೊಸ್ತಿಲ ಮೇಲೆ ಕುಸಿದು ಕೂತಳು. "ಅಲ್ಲಾ ರೀ, ಹುಳಗಳೂ ಕೂಡ ನೋಡಕ್ಕಾಗ್ದೆ ಎದ್ದೋಗವೆ." ಆಮೇಲೆ ಫೋನೆತ್ತಿ ತಮ್ಮನಿಗೆ ಹೇಳಿದಳು: "ಲೋ ಅನಂತ, ನಿಮ್ ಭಾವ ಎಂಟು-ಕೆ ಪ್ರೊಜೆಕ್ಟರ್ ಬುಕ್ ಮಾಡಕ್ಕೆ ಹೊಂಟವ್ರೆ ಕಣೋ. ಇಡೀ ಜಿಲ್ಲೆಗೆ ಅವ್ರೇ ಫಸ್ಟಂತೆ."

ಹೊತ್ತು ಮುಳುಗುವುದರೊಳಗೆ ಖಲಂದರನ ಫೋನು ಬಂತು. ಸಾತನೂರಿನವರು ಬುಕ್ ಮಾಡಿಬಿಟ್ಟಿದ್ದರು.

ದೇವರಾಜುವಿಗೆ ನಿಜಕ್ಕೂ ನೋವಾಯಿತು. ಕಟ್ಟಿಕೊಂಡವಳೇ ತವರಿನ ಕಡೆ ವಾಲಿದಳಲ್ಲ ಎಂದು ಮುದ್ದೆಯನ್ನು ಮುರಿಯದೆ ಎದ್ದುಹೋದ. ಭಾನುಪ್ರಿಯ ಗೂಡು ಮಾರಿದ ದುಡ್ಡನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು.

ಯಂತ್ರ ಬಂದ ಭಾನುವಾರ ಸಾತನೂರಿನ ಮನೆಯ ತುಂಬ ನೆಂಟರು. ಅನಂತರಾಜು ಪರದೆ ಎಳೆದು, ರಿಮೋಟು ಹಿಡಿದು, ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ ಕೇಳಿದ: "ಭಾವ, ನೀವಿನ್ನೂ ತಗೊಂಡಿಲ್ವಾ?"

ದೇವರಾಜು ಹಲ್ಲು ಕಚ್ಚಿದ. ಗೋಡೆಯ ಮೇಲೆ ಸಮುದ್ರ ತೆರೆದುಕೊಂಡಿತು. ಅದೇ ನೀಲಿ, ಅದೇ ಕಲ್ಲು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

"ಎಡಗಡೆ ನೋಡ್ರಪ್ಪ," ಎಂದ, "ಹಳದಿ ಮೀನು ಬತ್ತದೆ."

ಬಂತು.

"ಈಗ ಗುಳ್ಳೆ ಬುಡ್ತದೆ."

ಬಿಟ್ಟಿತು. ನೆಂಟರೆಲ್ಲ ಮೀನನ್ನು ಬಿಟ್ಟು ದೇವರಾಜುವನ್ನೇ ನೋಡತೊಡಗಿದರು.

"ನಿಮ್ಗೆಂಗೆ ಗೊತ್ತು ಭಾವ?" ಅನಂತರಾಜುವಿನ ದನಿ ಇಳಿದಿತ್ತು.

"ಹಳೇದು ಕಣ್ಲಾ ಇದು. ನಮ್ಮನೆ ಹುಳಗಳೇ ಇದನ್ನ ನೋಡಿ ನೋಡಿ ಬೇಜಾರಾಗಿ ಎದ್ದೋದ್ವು."

ಭಾನುಪ್ರಿಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅನಂತರಾಜು ಅವಸರದಲ್ಲಿ ರಿಮೋಟು ಒತ್ತಿದ. ಹೂವು ಅರಳಿತು. ಮತ್ತೆ ಒತ್ತಿದ. ಹಳದಿ ಮೀನು ಎಡಗಡೆಯಿಂದ ಬಂತು.

"ಬೇರೆ ಏನೂ ಇಲ್ವಾ ಅನಂತ?" ಎಂದು ದೇವರಾಜು ಮೆಲ್ಲಗೆ ಕೇಳಿದ.